ಜಪಾನಿಗೆ ಹೊರಟಿದ್ದೀರಾ? ಬಟ್ಟೆಗಿಂತ ಮೊದಲು ಫೋನ್ ರೆಡಿ ಮಾಡಿಕೊಳ್ಳಿ

"ಆಫೀಸಿನಿಂದ ಎರಡು ತಿಂಗಳು ಟೋಕಿಯೋಗೆ ಕಳಿಸುತ್ತಿದ್ದಾರೆ, ಫೋನ್‌ಗೆ ಏನು ಮಾಡಲಿ?" ಅಂತ ವರ್ಷಕ್ಕೆ ಐದಾರು ಜನ ನನ್ನನ್ನು ಕೇಳುತ್ತಾರೆ. ಪ್ರತಿ ಸಲ ಅದೇ ವಾಯ್ಸ್ ಮೆಸೇಜ್, ಅದೇ ಪುರಾಣ. ಸಾಕಾಯಿತು. ಈ ಸಲ ಬರೆದೇ ಇಟ್ಟುಬಿಡುತ್ತೇನೆ. ಸುಮ್ನೆ ಹತ್ತು ದಿನ ಸುತ್ತಾಡಿ ಬರುವವರಿಗೂ ಇದು ಆಗುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಫೋನ್ ನಂಬರ್ ಅಂದರೆ ನೀವೇ. ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗ್, ತರಕಾರಿಯವನಿಗೆ ಕೊಡುವ ಇಪ್ಪತ್ತು ರೂಪಾಯಿ, ಎಲ್ಲಾ ಆ ಹತ್ತು ಅಂಕಿಗೆ ಗಂಟು ಬಿದ್ದಿವೆ. ಜಪಾನಿಗೆ ಹೋದವರಿಗೆ ಅಲ್ಲಿಯ ನಂಬರ್ ಸಿಗುವುದೇ ಕಷ್ಟ, ಇಲ್ಲದಿದ್ದರೂ ಸುಮಾರು ದಿನ ನಡೆಯುತ್ತದೆ. ಅಲ್ಲಿ ಬೇಕಾಗುವುದು ಡೇಟಾ, ಜೊತೆಗೆ ಬಾಯಿ ಮುಚ್ಚಿಕೊಂಡಿರುವ ಅಭ್ಯಾಸ. ಹಾಗಾಗಿ ಮುಖ್ಯ ಕೆಲಸ ಎರಡೇ. ಇಲ್ಲಿಯ ನಂಬರಿಗೆ ಜೀವ ಇರುವ ಹಾಗೆ ನೋಡಿಕೊಳ್ಳುವುದು, ಅಲ್ಲಿಯ ಡೇಟಾ ಹಿಡಿಯುವುದು.

ಮೊದಲು ಇಲ್ಲಿಯ ಸಿಮ್

ಎಲ್ಲರೂ ಮೊದಲು ಕೇಳುವುದು "ಅಲ್ಲಿ ಯಾವ ಸಿಮ್ ತಗೋಬೇಕು" ಅಂತ. ಅದು ಆಮೇಲಿನ ಮಾತು. ನಾನು ಮೊದಲ ಸಲ ಹೋದಾಗ ಮಾಡಿದ ಪೆದ್ದು ಕೆಲಸ ಕೇಳಿ. ನರಿಟಾ ಏರ್‌ಪೋರ್ಟಿನಲ್ಲಿ ಇಳಿದವನೇ ನನ್ನ ಬೆಂಗಳೂರು ಸಿಮ್ ತೆಗೆದು, ಬೋರ್ಡಿಂಗ್ ಪಾಸ್ ಚೂರಿನಲ್ಲಿ ಸುತ್ತಿ ಪರ್ಸಿಗೆ ತುರುಕಿದೆ. ಆ ಜಾಗಕ್ಕೆ ಅಲ್ಲಿಯ ಡೇಟಾ ಸಿಮ್ ಹಾಕಿದೆ. ಮೂರನೇ ದಿನ ಮನೆ ಬಾಡಿಗೆ ಕಳಿಸಬೇಕಿತ್ತು. ಬ್ಯಾಂಕಿನವರು ಓಟಿಪಿ ಕಳಿಸಿದ್ದೇವೆ ಅಂದರು. ಓಟಿಪಿ ಬರಬೇಕಾದ ಸಿಮ್ ಪರ್ಸಿನಲ್ಲಿ ಮಲಗಿದೆ. ಟ್ರೇ ತೆಗೆಯುವ ಪಿನ್ ಎಲ್ಲೋ ಬಿದ್ದುಹೋಗಿತ್ತು. ಸಹೋದ್ಯೋಗಿಯೊಬ್ಬಳು ಕಿವಿಯೋಲೆ ಬಿಚ್ಚಿ ಕೊಟ್ಟಳು, ಅದರ ಕಡ್ಡಿಯಿಂದ ಟ್ರೇ ತೆಗೆದೆ. ಸಿಮ್ ಹಾಕಿದರೆ ಸಿಗ್ನಲ್ಲೇ ಇಲ್ಲ! ರೋಮಿಂಗ್ ಆನ್ ಮಾಡಿಸಿಯೇ ಇರಲಿಲ್ಲ. ಕಸ್ಟಮರ್ ಕೇರ್‌ಗೆ ಹೇಗೋ ತಲುಪಿದರೆ, ಆ ಕಡೆಯವರು ತಣ್ಣಗೆ, "ಸರ್, ನಿಮ್ಮ ರಿಜಿಸ್ಟರ್ಡ್ ನಂಬರಿನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸಿ" ಅಂದರು. ಬಾಡಿಗೆ ಕೊನೆಗೆ ಅಣ್ಣ ಕಟ್ಟಿದ. ಇವತ್ತಿಗೂ ಹಂಗಿಸುತ್ತಾನೆ.

ಆದ್ದರಿಂದ ಇಂಡಿಯಾ ಸಿಮ್ ಫೋನಿನಿಂದ ಹೊರಗೆ ಬರಲೇಬಾರದು. ಹೊರಡುವ ಒಂದು ವಾರ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ. ನಮ್ಮ ಕಂಪನಿಗಳ ರೋಮಿಂಗ್‌ನಲ್ಲಿ ಒಳಗೆ ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ, ಓಟಿಪಿಗೆ ಅಷ್ಟೇ ಸಾಕು. ಆದರೆ ಒಳಗೆ ಬರುವ ಕರೆಗೆ ದುಡ್ಡಿದೆ! ನಮಗೆ ಇದು ಮರೆತೇ ಹೋಗಿದೆ. 2003ಕ್ಕೆ ಮೊದಲು ನಮ್ಮಲ್ಲೂ ಫೋನ್ ಎತ್ತಿದವನೇ ದುಡ್ಡು ಕೊಡಬೇಕಿತ್ತು, ಆಮೇಲೆ ಒಳಬರುವ ಕರೆ ಉಚಿತವಾಯಿತು. ಮಿಸ್ಡ್ ಕಾಲ್ ಕೊಡುವ ಚಟ ನಮಗೆ ಹತ್ತಿದ್ದೇ ಅಂಥ ಲೆಕ್ಕಾಚಾರಗಳಿಂದ. ರೋಮಿಂಗ್‌ನಲ್ಲಿ ಆ ಹಳೇ ಕಾಲ ವಾಪಸ್ ಬರುತ್ತದೆ. ಸಾಲ ಬೇಕಾ ಸರ್ ಅಂತ ಕೇಳುವವನ ಫೋನ್ ಎತ್ತಿದರೂ ದುಡ್ಡು ನಿಮ್ಮದೇ.

ಸೆಟ್ಟಿಂಗ್ಸ್‌ಗೆ ಹೋಗಿ ಇಂಡಿಯಾ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಮಾಡಿ. ಇಲ್ಲಿ ಇನ್ನೊಂದು ಕಿತಾಪತಿ ಇದೆ, ಎಷ್ಟೋ ಜನ ಎಡವುವುದು ಇಲ್ಲೇ. ಎರಡು ಸಿಮ್ ಇರುವ ಫೋನುಗಳಲ್ಲಿ ಒಂದರ ಸಿಗ್ನಲ್ ಸೋತಾಗ ಇನ್ನೊಂದರ ಡೇಟಾಗೆ ತಾನೇ ಹಾರುವ ಸೌಲಭ್ಯ ಇರುತ್ತದೆ. ಊರಲ್ಲಿ ಅದು ಒಳ್ಳೆಯದೇ. ಪರದೇಶದಲ್ಲಿ ಸುರಂಗದೊಳಗೆ ರೈಲು ಹೊಕ್ಕಾಗ ಅದು ಇಂಡಿಯಾ ಸಿಮ್ಮಿಗೆ ಹಾರಿದರೆ ಬಿಲ್ಲು ನೋಡಿ ತಲೆ ತಿರುಗುತ್ತದೆ. ಅದನ್ನೂ ಆಫ್ ಮಾಡಿ. ಕಾಲ್ ಫಾರ್ವರ್ಡ್ ಏನಾದರೂ ಹಾಕಿದ್ದರೆ ಊರಲ್ಲಿ ಇರುವಾಗಲೇ ##002# ಒತ್ತಿ ಎಲ್ಲವನ್ನೂ ಕಿತ್ತುಹಾಕಿ.

ರೀಚಾರ್ಜು ವಾಪಸ್ ಬರುವ ದಿನ ದಾಟಿ ಇನ್ನೂ ಹದಿನೈದು ದಿನ ಇರುವ ಹಾಗೆ ಮಾಡಿಸಿ. ಪ್ಯಾಕ್ ಮುಗಿದರೆ ಒಳಬರುವ ಎಸ್ಸೆಮ್ಮೆಸ್ಸೂ ನಿಲ್ಲಬಹುದು. 90 ದಿನ ಏನೂ ಬಳಸದೆ ಬಿಟ್ಟರೆ ನಂಬರನ್ನೇ ಕಿತ್ತು ಬೇರೆಯವರಿಗೆ ಕೊಡುವ ಅವಕಾಶ ಕಂಪನಿಗಳಿಗಿದೆ. ನಿಮ್ಮ ಬ್ಯಾಂಕಿನ ಓಟಿಪಿ ದಾವಣಗೆರೆಯ ಯಾರೋ ಒಬ್ಬರಿಗೆ ಹೋಗುವುದು ಬೇಡ, ಅಲ್ವಾ.

ಹೊಸ ಫೋನ್ ತೆಗೆದುಕೊಂಡು ಹೊರಡುವ ಆಸೆ ಇದ್ದರೆ ಒಂದು ತಿಂಗಳು ಮೊದಲೇ ತೆಗೆದುಕೊಳ್ಳಿ. ಯುಪಿಐ ಆ್ಯಪ್‌ಗಳು ಹೊಸ ಫೋನಿನಲ್ಲಿ ಮೊದಲು ನಿಮ್ಮ ಸಿಮ್ಮಿನಿಂದ ತಾವೇ ಒಂದು ಎಸ್ಸೆಮ್ಮೆಸ್ ಕಳಿಸಿ ಗುರುತು ಹಿಡಿಯುತ್ತವೆ. ಒಸಾಕಾದಲ್ಲಿ ನಿಂತು ಆ ಎಸ್ಸೆಮ್ಮೆಸ್ ಹೋಯಿತಾ ಇಲ್ಲವಾ ಅಂತ ಕಾಯುವುದು ಯಾರಿಗೆ ಬೇಕು. ಕಾರ್ಡುಗಳ ಕಥೆಯೂ ಅಷ್ಟೇ. 2020ರಿಂದ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ಆನ್ ಆಗಿ ಬರುತ್ತವೆ. ಹೊರದೇಶದ ಬಳಕೆಯನ್ನು ನೀವೇ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಬೇಕು.

ನಿಮ್ಮ ಫೋನ್ ಅಲ್ಲಿ ಸಿಗ್ನಲ್ ಹಿಡಿಯುತ್ತಾ?

ಮೊದಲು ಈ ಪ್ರಶ್ನೆಗೆ ಉತ್ತರ ಸೀದಾ "ಇಲ್ಲ" ಅಂತಿತ್ತು. ನಾವು, ಯುರೋಪಿನವರು, ಕೊಲ್ಲಿ ದೇಶದವರು ಎಲ್ಲಾ ಜಿಎಸ್‌ಎಂ ಫೋನು ಹಿಡಿದು ಓಡಾಡುತ್ತಿದ್ದ ಕಾಲದಲ್ಲಿ ಜಪಾನ್ ಪಿಡಿಸಿ ಅನ್ನುವ ತನ್ನದೇ 2ಜಿ ಇಟ್ಟುಕೊಂಡಿತ್ತು. ಬೇರೆ ಯಾವ ದೇಶದಲ್ಲೂ ಅದು ನಡೆಯಲಿಲ್ಲ. ಅಲ್ಲಿಗೆ ಹೋದರೆ ಏರ್‌ಪೋರ್ಟಿನಲ್ಲಿ ಬಾಡಿಗೆ ಫೋನ್ ತೆಗೆದುಕೊಳ್ಳಬೇಕಿತ್ತು. ಆದರೆ ಆ ಒಂಟಿ ದ್ವೀಪದಲ್ಲೇ ಏನೇನೋ ಬೆಳೆಯಿತು. 1999ರ ಫೆಬ್ರವರಿಯಲ್ಲಿ ಅಲ್ಲಿಯ ಫೋನ್ ಕಂಪನಿ ಡೊಕೊಮೊ ಐ-ಮೋಡ್ ಅನ್ನುವ ಸೇವೆ ಶುರು ಮಾಡಿ ಫೋನಿಗೆ ಇಂಟರ್ನೆಟ್ ತಂದಿತು. ಅದೇ ವರ್ಷ 176 ಪುಟಾಣಿ ಚಿತ್ರಗಳನ್ನೂ ಕೊಟ್ಟಿತು. ಎಮೋಜಿ ಅಂದರೆ ಜಪಾನೀ ಮಾತು. 'ಎ' ಅಂದರೆ ಚಿತ್ರ, 'ಮೋಜಿ' ಅಂದರೆ ಅಕ್ಷರ. ನಮ್ಮ 'ಮೋಜಿ'ಗೂ ಅದಕ್ಕೂ ಸಂಬಂಧ ಇಲ್ಲ, ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಹೀಗೆ ಹೊರಗಿನ ಗಾಳಿ ಸೋಕದೆ ಬೆಳೆದ ಮಡಚುವ ಫೋನುಗಳಿಗೆ ಅಲ್ಲಿಯವರೇ 'ಗರಕೇ' ಅಂತ ಹೆಸರಿಟ್ಟು ನಗುತ್ತಾರೆ. ಗಲಾಪಗೋಸ್ ದ್ವೀಪದ ಪ್ರಾಣಿಗಳ ಹಾಗೆ ಬೇರೆಲ್ಲೂ ಕಾಣದ ಫೋನ್ ಅಂತ ಅರ್ಥ. ವಯಸ್ಸಾದವರ ಕೈಯಲ್ಲಿ ಆ ಥರದ ಮಡಚುವ ಫೋನ್ ಈಗಲೂ ಕಾಣುತ್ತದೆ.

ಈಗ 4ಜಿ, 5ಜಿ ಬಂದ ಮೇಲೆ ನಮ್ಮ ಫೋನುಗಳು ಅಲ್ಲಿ ಸಲೀಸಾಗಿ ನಡೆಯುತ್ತವೆ. ಆದರೂ ಎರಡು ವಿಷಯ ನೋಡಿಕೊಳ್ಳಿ.

ಒಂದು, ನಮ್ಮಲ್ಲಿ 2ಜಿ ಇನ್ನೂ ಇದೆ, ಕೀಪ್ಯಾಡ್ ಫೋನ್ ಇನ್ನೂ ನಡೆಯುತ್ತದೆ. ಅಲ್ಲಿ 2ಜಿ ಹೋಗಿ ಎಷ್ಟೋ ವರ್ಷವಾಯಿತು, 3ಜಿಯನ್ನೂ ಅಲ್ಲಿಯ ಫೋನ್ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಕೆಡಿಡಿಐನವರು 2022ರಲ್ಲಿ, ಸಾಫ್ಟ್‌ಬ್ಯಾಂಕ್ 2024ರಲ್ಲಿ. ಡೊಕೊಮೊ 2026ರ ಮಾರ್ಚ್ 31ನ್ನು ಕೊನೆ ದಿನ ಅಂತ ಗೊತ್ತು ಮಾಡಿತು. ಅಂದರೆ ಅಪ್ಪನ ಹಳೇ ಕೀಪ್ಯಾಡ್ ಫೋನ್ ಅಲ್ಲಿ ಗಡಿಯಾರ ನೋಡುವುದಕ್ಕೆ ಮಾತ್ರ. ನಿಮ್ಮ ಫೋನಿನಲ್ಲೂ ವೋಲ್ಟಿ (4ಜಿ ಮೇಲೇ ಮಾತಾಡುವ ಸೌಲಭ್ಯ) ಆನ್ ಇರಲಿ, ಇಲ್ಲದಿದ್ದರೆ ರೋಮಿಂಗ್ ಕರೆ ಬರುವುದಿಲ್ಲ.

ಎರಡು, ಬ್ಯಾಂಡು, ಅಂದರೆ ಸಿಗ್ನಲ್ ಓಡಾಡುವ ಫ್ರೀಕ್ವೆನ್ಸಿಯ ಪಟ್ಟಿ. 1 ಮತ್ತು 3ನೇ ಬ್ಯಾಂಡ್ ನಮ್ಮಲ್ಲೂ ಇವೆ, ಅಲ್ಲೂ ಇವೆ, ಊರಿನೊಳಗೆ ಅಷ್ಟು ಸಾಕು. ಬೆಟ್ಟಗುಡ್ಡ, ಹಳ್ಳಿ ಕಡೆ ಹೋದರೆ ಮಾತ್ರ ಕೆಳಗಿನ ಫ್ರೀಕ್ವೆನ್ಸಿ ಬೇಕಾಗುತ್ತದೆ, ಅದು ದೂರ ಹೋಗುತ್ತದೆ, ಗೋಡೆಯೊಳಗೂ ನುಗ್ಗುತ್ತದೆ. ಅಲ್ಲಿಯವರು ಅದನ್ನು 'ಪ್ಲಾಟಿನಂ ಬ್ಯಾಂಡ್' ಅನ್ನುತ್ತಾರೆ. ಡೊಕೊಮೊದ್ದು 19ನೇ ಬ್ಯಾಂಡ್, ಕೆಡಿಡಿಐದ್ದು 18 ಮತ್ತು 26, ಸಾಫ್ಟ್‌ಬ್ಯಾಂಕ್‌ದು 8. ನಮ್ಮಲ್ಲಿ 8ನೇ ಬ್ಯಾಂಡ್ ಬಳಕೆಯಲ್ಲಿದೆ, ಹಾಗಾಗಿ ಇಂಡಿಯಾ ಫೋನುಗಳಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. 19 ಇದೆಯಾ ಅಂತ ನಿಮ್ಮ ಮಾಡೆಲ್ಲಿನ ಪಟ್ಟಿ ನೋಡಿ. ಇಲ್ಲದಿದ್ದರೆ ಗಾಬರಿ ಬೇಡ, ಸಾಫ್ಟ್‌ಬ್ಯಾಂಕ್ ನೆಟ್‌ವರ್ಕ್ ಮೇಲೆ ಓಡುವ ಸಿಮ್ ಆರಿಸಿಕೊಂಡರೆ ಆಯಿತು. ಟೋಕಿಯೋ, ಕ್ಯೋಟೋ ಬಿಟ್ಟು ಎಲ್ಲೂ ಹೋಗದವರು ಈ ಪ್ಯಾರಾ ಮರೆತುಬಿಡಿ.

ಡೇಟಾ ಹಿಡಿಯುವುದು

ಡಯಲರ್ ತೆಗೆದು *#06# ಒತ್ತಿ. ಐಎಂಇಐ ನಂಬರಿನ ಜೊತೆ ಇಐಡಿ ಅಂತ ಒಂದು ಉದ್ದನೆ ನಂಬರ್ ಕಂಡರೆ ನಿಮ್ಮ ಫೋನಿಗೆ ಇ-ಸಿಮ್, ಅಂದರೆ ಕಾರ್ಡ್ ತುರುಕದೆ ಫೋನಿನೊಳಗೇ ಹಾಕಿಕೊಳ್ಳುವ ಸಿಮ್, ಬರುತ್ತದೆ ಅಂತ ಅರ್ಥ. ಬಂದರೆ ಕಣ್ಣು ಮುಚ್ಚಿ ಇ-ಸಿಮ್ ತೆಗೆದುಕೊಳ್ಳಿ. ಆನ್‌ಲೈನಿನಲ್ಲಿ ಕೊಂಡು, ಮನೆಯ ವೈಫೈನಲ್ಲೇ ಹಾಕಿಕೊಂಡು, ವಿಮಾನ ಇಳಿದ ಮೇಲೆ ಆನ್ ಮಾಡಿದರೆ ಮುಗಿಯಿತು. ಇಂಡಿಯಾ ಸಿಮ್ ತನ್ನ ಜಾಗದಲ್ಲೇ ಇರುತ್ತದೆ. ಜಪಾನಿನ ಇ-ಸಿಮ್ಮಿನಲ್ಲಿ ಮಾತ್ರ ಡೇಟಾ ರೋಮಿಂಗ್ ಆನ್ ಇರಬೇಕಾಗಬಹುದು, ಇಂಡಿಯಾದ್ದರಲ್ಲಿ ಆಫ್. ಎರಡನ್ನೂ ಅದಲುಬದಲು ಮಾಡಿಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಸಿಮ್ಮುಗಳಿಗೆ 'ಊರು', 'ಜಪಾನ್' ಅಂತ ಹೆಸರು ಕೊಟ್ಟುಕೊಳ್ಳಿ.

ಇ-ಸಿಮ್ ಬರದ ಫೋನಾದರೆ ಏರ್‌ಪೋರ್ಟಿನಲ್ಲಿ ಡೇಟಾ ಸಿಮ್ ಸಿಗುತ್ತದೆ. ಎರಡು ಸಿಮ್ಮಿನ ಫೋನು ನಮ್ಮಲ್ಲಿ ಮನೆಮನೆಯಲ್ಲಿದೆ, ಎರಡನೇ ಕಿಂಡಿಯಲ್ಲಿ ಹಾಕಿಕೊಳ್ಳಿ. ನಾಲ್ಕೈದು ಜನ ಒಟ್ಟಿಗೆ ಇದ್ದರೆ ಪಾಕೆಟ್ ವೈಫೈ ಬಾಡಿಗೆಗೆ ಸಿಗುತ್ತದೆ, ಆದರೆ ಅದನ್ನು ಹಿಡಿದವನು ಶೌಚಾಲಯಕ್ಕೆ ಹೋದರೆ ಉಳಿದವರಿಗೆ ಇಂಟರ್ನೆಟ್ ಇಲ್ಲ.

ಹೊಸ ಸಿಮ್ ಹಾಕಿದ ತಕ್ಷಣ ವಾಟ್ಸಾಪ್ "ನಂಬರ್ ಬದಲಾಯಿತಾ?" ಅಂತ ಕೇಳಬಹುದು. ಬೇಡ ಅನ್ನಿ. ಹಳೇ ನಂಬರಿನಲ್ಲೇ ಅದು ಆರಾಮಾಗಿ ನಡೆಯುತ್ತದೆ.

ಗಮನಿಸಿ, ಈ ಸಿಮ್ಮುಗಳಲ್ಲಿ ಹೆಚ್ಚಿನವಕ್ಕೆ ಫೋನ್ ನಂಬರ್ ಇರುವುದಿಲ್ಲ, ಡೇಟಾ ಮಾತ್ರ. ಮಾತಾಡುವ ಸಿಮ್ ಕೊಡಬೇಕಾದರೆ ಗುರುತು ಪಕ್ಕಾ ಮಾಡಿಕೊಳ್ಳಬೇಕು ಅಂತ ಅಲ್ಲಿ ಕಾನೂನಿದೆ. ಹಾಗಾಗಿ ಕಂಪನಿಗಳು ಸಾಮಾನ್ಯವಾಗಿ ಅಲ್ಲಿ ವಾಸ ಇರುವವರಿಗೆ ಕೊಡುವ ಝೈರ್ಯೂ ಕಾರ್ಡ್ ಕೇಳುತ್ತವೆ. ಮೂರು ತಿಂಗಳಿಗಿಂತ ಜಾಸ್ತಿ ಇರುವ ವೀಸಾ ಇದ್ದವರಿಗೆ ದೊಡ್ಡ ಏರ್‌ಪೋರ್ಟುಗಳಲ್ಲಿ ಇಳಿದಾಗಲೇ ಆ ಕಾರ್ಡ್ ಕೈಗೆ ಬರುತ್ತದೆ. ಆಮೇಲೆ ಶುರುವಾಗುವುದು ಕೋಳಿ ಮೊದಲಾ ಮೊಟ್ಟೆ ಮೊದಲಾ ಆಟ. ಬ್ಯಾಂಕಿನವರು ಫೋನ್ ನಂಬರ್ ಕೇಳುತ್ತಾರೆ, ಫೋನಿನವರು ಬ್ಯಾಂಕ್ ಅಕೌಂಟ್ ಕೇಳುತ್ತಾರೆ. ಬಿಡಿಸಿಕೊಳ್ಳುವ ದಾರಿ: ಮೊದಲು ವಾರ್ಡ್ ಆಫೀಸಿಗೆ ಹೋಗಿ ವಿಳಾಸ ಬರೆಸಿ, ಮನೆ ಸಿಕ್ಕ 14 ದಿನದೊಳಗೆ ಅದನ್ನು ಮಾಡಲೇಬೇಕು. ಆಮೇಲೆ ಇಂಡಿಯಾದ ಕ್ರೆಡಿಟ್ ಕಾರ್ಡ್ ಒಪ್ಪುವ ಕಂಪನಿಯಿಂದ ಮಾತಿನ ಸಿಮ್ ತೆಗೆದುಕೊಂಡು, ಆ ನಂಬರ್ ಹಿಡಿದು ಬ್ಯಾಂಕಿಗೆ ಹೋಗಿ. ಆಫೀಸಿನವರು ಒಂದು ಪತ್ರ ಕೊಟ್ಟರೆ ಇನ್ನೂ ಬೇಗ.

"ಟ್ರೈನಲ್ಲಿದೀನಿ ಅಮ್ಮ"

ಇದು ನಿಜವಾಗಿ ಕಷ್ಟದ ಪಾಠ. ಸೆಟ್ಟಿಂಗ್ಸ್‌ನಲ್ಲಿ ಇಲ್ಲ ಇದು, ನಮ್ಮ ಗಂಟಲಿನಲ್ಲಿದೆ.

ಟೋಕಿಯೋದ ಯಾಮಾನೊತೆ ಲೈನ್ ರೈಲು, ಬೆಳಗ್ಗೆ ಎಂಟೂವರೆ. ಜನ ಮಜೆಸ್ಟಿಕ್ ಬಸ್ಸಿನ ಹಾಗೆ ಒತ್ತಿಕೊಂಡು ನಿಂತಿದ್ದಾರೆ, ಆದರೆ ಒಂದು ಸದ್ದಿಲ್ಲ. ಹಳಿಯ ಸದ್ದು, ಯಾರೋ ಮೂಗು ಎಳೆದುಕೊಂಡ ಸದ್ದು, ಅಷ್ಟೇ. ಆಗ ನನ್ನ ಫೋನ್ ಹೊಡೆದುಕೊಂಡಿತು. ಅಮ್ಮ. ಊರಲ್ಲಿ ಐದು ಗಂಟೆ, ಎದ್ದ ತಕ್ಷಣ ಮಗನ ನೆನಪು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ ಅಂತ ಹತ್ತು ಸಲ ಹೇಳಿದ್ದೆ. ಕೈಯಿಂದ ಬಾಯಿ ಮುಚ್ಚಿಕೊಂಡು ಪಿಸುಗುಟ್ಟಿದೆ, "ಅಮ್ಮ, ಟ್ರೈನಲ್ಲಿದೀನಿ." ಆ ಕಡೆಯಿಂದ, "ಏನೋ? ಕೇಳಿಸ್ತಿಲ್ಲ, ಜೋರಾಗಿ ಹೇಳು." ಇನ್ನೊಂದು ಸಲ ಪಿಸುಗುಟ್ಟಿದೆ. "ಯಾಕೋ ಧ್ವನಿ ಹೀಗಾಗಿದೆ? ಶೀತ ಆಗಿದ್ಯಾ?" ಅಂತ ಅವಳ ಧ್ವನಿ ಫೋನಿನಿಂದ ಆಚೆ ಬಂದು ಇಡೀ ಬೋಗಿಗೆ ಕೇಳಿಸಿತು. ಯಾರೂ ನನ್ನನ್ನು ನೋಡಲಿಲ್ಲ. ಬೈಯಲೂ ಇಲ್ಲ. ಎಲ್ಲರೂ ಸೇರಿ ನನ್ನನ್ನು ನೋಡದೇ ಇದ್ದ ಆ ರೀತಿ ಇದೆಯಲ್ಲ, ಅದಕ್ಕಿಂತ ಒಬ್ಬರು ಗದರಿದ್ದರೆ ವಾಸಿ ಇತ್ತು.

ಅಲ್ಲಿಯ ರೈಲಿನಲ್ಲಿ ಕರೆ ಮಾಡುವುದು ಅಪರಾಧವಲ್ಲ, ಯಾರೂ ದಂಡ ಹಾಕುವುದಿಲ್ಲ. ಆದರೆ ರೈಲಿನೊಳಗೆ ಮತ್ತೆ ಮತ್ತೆ ಹೇಳುತ್ತಾರೆ, ಫೋನನ್ನು 'ಮಾನರ್ ಮೋಡ್'ಗೆ ಹಾಕಿ, ಮಾತಾಡಬೇಡಿ ಅಂತ. ನಾವು ಸೈಲೆಂಟ್ ಅನ್ನುವುದಕ್ಕೆ ಅವರು ಇಟ್ಟಿರುವ ಹೆಸರೇ ಮರ್ಯಾದೆಯ ಮೋಡ್! ಬಸುರಿಯರು, ವಯಸ್ಸಾದವರು ಕೂರುವ ಸೀಟಿನ ಹತ್ತಿರ ಜನ ತುಂಬಿದ್ದಾಗ ಫೋನ್ ಪೂರ್ತಿ ಆಫ್ ಮಾಡಬೇಕು ಅಂತ ಬೋರ್ಡಿರುತ್ತದೆ. ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ಕರೆ ಬಂದರೆ ಎದ್ದು ಎರಡು ಬೋಗಿಗಳ ನಡುವಿನ ಡೆಕ್ಕಿಗೆ ಹೋಗಿ ಮಾತಾಡಿ. ಹೋಟೆಲಿನಲ್ಲಿ ಊಟದ ಮಧ್ಯೆ ಬಂದರೆ ಬಾಗಿಲಾಚೆ ಹೋಗಿ. ಸ್ಪೀಕರ್ ಹಾಕಿ ರೀಲ್ಸ್ ನೋಡುವುದು, ನಡುರಸ್ತೆಯಲ್ಲಿ ವಿಡಿಯೋ ಕಾಲ್ ಹಿಡಿದು "ನೋಡ್ರೋ ಇಲ್ಲಿ" ಅನ್ನುವುದು, ಇವೆಲ್ಲ ರೂಮಿಗೆ ಹೋದ ಮೇಲೆ.

ಮಾಡಬೇಕಾದ್ದು ಸುಲಭ. ಇಳಿದ ದಿನವೇ ಮಾನರ್ ಮೋಡ್ ಹಾಕಿ, ವಾಪಸ್ ಹತ್ತುವವರೆಗೂ ತೆಗೆಯಬೇಡಿ. ಮನೆಯವರಿಗೆ "ಮೊದಲು ಮೆಸೇಜ್ ಹಾಕಿ, ನಾನೇ ಫೋನ್ ಮಾಡ್ತೀನಿ" ಅಂತ ಹೇಳಿಟ್ಟು ಬನ್ನಿ. ಅಮ್ಮನಿಗೆ ಆಮೇಲೆ ಒಂದು ಉಪಾಯ ಕಲಿಸಿದೆ, ಎದ್ದ ಮೇಲೆ ಒಂದು ಹೂವಿನ ಎಮೋಜಿ ಕಳಿಸು ಅಂತ. ಅದು ನೋಡಿ ಸಮಯ ಸಿಕ್ಕಾಗ ನಾನೇ ಫೋನ್ ಮಾಡುತ್ತಿದ್ದೆ. ಒಂಥರಾ ಹಳೇ ಮಿಸ್ಡ್ ಕಾಲೇ.

ನಡೆಯುತ್ತಾ ಫೋನ್ ನೋಡುವುದಕ್ಕೂ ಅಲ್ಲಿ ಒಂದು ಹೆಸರಿದೆ, 'ಅರುಕಿ ಸುಮಾಹೊ'. ಕನಗಾವಾದ ಯಾಮಾತೊ ಊರಿನಲ್ಲಿ 2020ರಲ್ಲಿ ಇದನ್ನೇ ನಿಷೇಧಿಸಿ ನಿಯಮ ಮಾಡಿದರು, ದಂಡವೇನಿಲ್ಲ, ಮಾಡಬೇಡಿ ಅಂತ ಹೇಳುವುದಷ್ಟೇ. ಸೈಕಲ್ ಮೇಲಿದ್ದರೆ ಮಾತ್ರ ತಮಾಷೆ ಅಲ್ಲ. 2024ರ ನವೆಂಬರ್‌ನಿಂದ ಸೈಕಲ್ ತುಳಿಯುತ್ತಾ ಫೋನ್ ಹಿಡಿದು ಸಿಕ್ಕರೆ ಆರು ತಿಂಗಳವರೆಗೆ ಜೈಲು ಇಲ್ಲವೇ ಒಂದು ಲಕ್ಷ ಯೆನ್‌ವರೆಗೆ ದಂಡ. ಬಾಡಿಗೆ ಸೈಕಲ್ ಹತ್ತಿ ಮ್ಯಾಪ್ ನೋಡುವವರು ನಿಲ್ಲಿಸಿ ನೋಡಿ.

ಅಲ್ಲಿಯ ಗೆಳೆಯರು ನಿಮ್ಮನ್ನು ವಾಟ್ಸಾಪ್ ಕೇಳುವುದಿಲ್ಲ, ಲೈನ್ ಅನ್ನುವ ಮೆಸೇಜ್ ಆ್ಯಪ್ ಕೇಳುತ್ತಾರೆ. ಇದಕ್ಕೂ ಕಾರಣ ಇದೆ. ಬೇರೆ ಬೇರೆ ಕಂಪನಿಗಳ ನಡುವೆ ಎಸ್ಸೆಮ್ಮೆಸ್ ಕಳಿಸುವುದು ಅಲ್ಲಿ ಶುರುವಾಗಿದ್ದೇ 2011ರ ಜುಲೈನಲ್ಲಿ. ಅಲ್ಲಿಯವರೆಗೆ ಫೋನಿನಿಂದ ಫೋನಿಗೆ ಇಮೇಲ್ ಕಳಿಸುತ್ತಿದ್ದರು. ಅದೇ ವರ್ಷ ಮಾರ್ಚ್‌ನಲ್ಲಿ ದೊಡ್ಡ ಭೂಕಂಪ, ಸುನಾಮಿ ಆಗಿ ಕರೆಗಳೇ ಸಿಗದೆ ಜನ ಪರದಾಡಿದ್ದರು. ಜೂನ್‌ನಲ್ಲಿ ಲೈನ್ ಬಂತು, ಎಲ್ಲರೂ ಅದಕ್ಕೇ ಅಂಟಿಕೊಂಡರು. ಊರಿನಲ್ಲಿ ಇರುವಾಗಲೇ ನಿಮ್ಮ ಇಂಡಿಯಾ ನಂಬರಿನಲ್ಲಿ ಲೈನ್ ಹಾಕಿಕೊಂಡು ಹೋಗಿ, ಓಟಿಪಿ ಸುಲಭವಾಗಿ ಬರುತ್ತದೆ.

ದುಡ್ಡು ಮತ್ತು ರೈಲು

ಯುಪಿಐ ಅನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ತಮಾಷೆ ಏನು ಗೊತ್ತಾ, ನಮ್ಮ ಎಳನೀರು ಗಾಡಿಯ ಮೇಲೆ ಅಂಟಿಸಿರುವ ಕ್ಯೂಆರ್ ಕೋಡ್ ಹುಟ್ಟಿದ್ದೇ ಜಪಾನಿನಲ್ಲಿ. ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಮತ್ತು ಅವರ ತಂಡ ಕಾರಿನ ಬಿಡಿಭಾಗಗಳ ಲೆಕ್ಕ ಇಡುವುದಕ್ಕೆ 1994ರಲ್ಲಿ ಮಾಡಿದ್ದು. ಆದರೆ ಅಲ್ಲಿ ಕ್ಯೂಆರ್‌ನಿಂದ ದುಡ್ಡು ಕೊಡುವ ಪೇಪೇ ಅನ್ನುವ ಆ್ಯಪ್ ಬಂದಿದ್ದು 2018ರಲ್ಲಿ, ಅದಕ್ಕೆ ಸೇರಲು ಜಪಾನಿನ ನಂಬರ್ ಬೇಕು. ನಂಬರ್ ಇಲ್ಲದವರಿಗೆ ಅದು ದೂರದ ಬೆಟ್ಟ.

ನಿಮಗೆ ಬೇಕಾದ್ದು ಸುಯಿಕಾ. 2001ರಿಂದ ಇರುವ ರೈಲಿನ ಕಾರ್ಡು. ರೈಲು, ಬಸ್ಸು, ಮೂಲೆಯಂಗಡಿ, ನೀರಿನ ಬಾಟಲಿ ಕೊಡುವ ಯಂತ್ರ, ಎಲ್ಲದಕ್ಕೂ ಆಗುತ್ತದೆ. ಐಫೋನ್ 8 ಅಥವಾ ಆಮೇಲಿನದು ಇದ್ದರೆ, ಎಲ್ಲೇ ಕೊಂಡಿರಲಿ, ವಾಲೆಟ್‌ನಲ್ಲಿ ಸುಯಿಕಾ ಸೇರಿಸಿಕೊಳ್ಳಬಹುದು. ಆಂಡ್ರಾಯ್ಡ್ ಆದರೆ ಜಪಾನಿನಲ್ಲಿ ಮಾರುವ ಫೋನುಗಳಲ್ಲಿ ಮಾತ್ರ ಬರುತ್ತದೆ, ಯಾಕೆಂದರೆ ಅದಕ್ಕೆ ಫೆಲಿಕಾ ಅನ್ನುವ ಬೇರೆಯೇ ವ್ಯವಸ್ಥೆ ಬೇಕು. ನಿಮ್ಮ ಫೋನಿನಲ್ಲಿ ಎನ್‌ಎಫ್‌ಸಿ (ತಾಗಿಸಿ ದುಡ್ಡು ಕೊಡುವ ಸೌಲಭ್ಯ) ಇದ್ದರೂ ಅದೊಂದೇ ಸಾಲದು. ಆಂಡ್ರಾಯ್ಡ್‌ನವರು ಸುಮ್ನೆ ಪ್ಲಾಸ್ಟಿಕ್ ಕಾರ್ಡ್ ತೆಗೆದುಕೊಳ್ಳಿ.

ಫೋನಿನ ಸುಯಿಕಾಗೆ ಇಂಡಿಯಾ ಕಾರ್ಡಿನಿಂದ ದುಡ್ಡು ಹಾಕಲು ಹೋದರೆ ಕೆಲವೊಮ್ಮೆ ಒಪ್ಪುವುದಿಲ್ಲ. ಆಗ ಸೆವೆನ್-ಇಲೆವೆನ್ ಅಂಗಡಿಗೆ ಹೋಗಿ ಅಲ್ಲಿಯ ಎಟಿಎಂನಲ್ಲಿ ನಿಮ್ಮ ಕಾರ್ಡಿನಿಂದ ನೋಟು ತೆಗೆಯಿರಿ, ಅದೇ ಅಂಗಡಿಯಲ್ಲಿ ನೋಟು ಕೊಟ್ಟು ಸುಯಿಕಾ ತುಂಬಿಸಿ. ಕಾರ್ಡಿನಲ್ಲಿ 20,000 ಯೆನ್‌ಗಿಂತ ಜಾಸ್ತಿ ಹಿಡಿಯುವುದಿಲ್ಲ.

ಗೇಟಿನ ಹತ್ತಿರ ನಿಲ್ಲಬೇಡಿ! ನಮ್ಮ ಮೆಟ್ರೋದಲ್ಲಿ ವಾಟ್ಸಾಪ್ ತೆಗೆದು, ಟಿಕೆಟ್ ಹುಡುಕಿ, ಬ್ರೈಟ್‌ನೆಸ್ ಜಾಸ್ತಿ ಮಾಡಿ, ಕೋಡ್ ತೋರಿಸಿ ಒಳಗೆ ಹೋಗುವ ಅಭ್ಯಾಸ ನಮಗೆ. ಸುಯಿಕಾವನ್ನು 0.2 ಸೆಕೆಂಡಿನಲ್ಲಿ ಓದಿ ಮುಗಿಸಬೇಕು ಅಂತಲೇ ಮಾಡಿದ್ದಾರೆ, ಶಿಂಜುಕು ಸ್ಟೇಷನ್ನಿನಲ್ಲಿ ಜನ ನಡೆಯುವ ವೇಗದಲ್ಲೇ ಫೋನ್ ತಾಗಿಸಿ ಹೋಗುತ್ತಿರುತ್ತಾರೆ. ನೀವು ಒಂದು ಹೆಜ್ಜೆ ತಡೆದರೆ ಹಿಂದಿನವರು ಬೆನ್ನಿಗೆ ಬಂದು ಮುಟ್ಟುತ್ತಾರೆ.

ಭೂಕಂಪದ ಕೂಗು

ಒಂದು ದಿನ ಆಫೀಸಿನಲ್ಲಿ ಎಲ್ಲರ ಫೋನೂ ಒಂದೇ ಸಲ ಕಿರುಚಿಕೊಂಡವು. ಕರ್ಕಶ ಸದ್ದು, ನಡುವೆ "ಜಿಶಿನ್ ದೆಸು" ಅಂತ ಧ್ವನಿ. ಭೂಕಂಪ ಅಂತ ಅರ್ಥ. ನಾಲ್ಕೈದು ಸೆಕೆಂಡ್ ಆದ ಮೇಲೆ ಕಾಫಿ ಕಪ್ಪು ಅಲುಗಾಡಿತು. ನನ್ನ ಫೋನ್ ಮಾತ್ರ ತೆಪ್ಪಗೆ ಇತ್ತು. ಜಪಾನಿನಲ್ಲಿ ಈ ಮುನ್ಸೂಚನೆ 2007ರ ಅಕ್ಟೋಬರ್‌ನಿಂದ ಜನರಿಗೆ ಸಿಗುತ್ತಿದೆ. ನಮ್ಮಲ್ಲೂ 2023ರಲ್ಲಿ ಸರ್ಕಾರ ಪರೀಕ್ಷೆ ಮಾಡಿ ಎಲ್ಲರ ಫೋನೂ ಬೀಪ್ ಅಂದಿದ್ದು ನೆನಪಿದೆಯಾ, ಅದೇ ಜಾತಿಯದು. ಇಂಡಿಯಾದಲ್ಲಿ ಕೊಂಡ ಫೋನಿಗೆ ಅಲ್ಲಿಯ ಎಚ್ಚರಿಕೆ ಬರಬಹುದು, ಬರದೆಯೂ ಇರಬಹುದು. ಅದನ್ನೇ ನಂಬಿ ಕೂರಬೇಡಿ, 'ಸೇಫ್ಟಿ ಟಿಪ್ಸ್' ಅನ್ನುವ ಆ್ಯಪ್ ಹಾಕಿಕೊಳ್ಳಿ, ಹೊರದೇಶದವರಿಗೆಂದೇ ಇಂಗ್ಲಿಷಿನಲ್ಲೂ ಇದೆ. ಜೊತೆಗೆ ಎರಡು ನಂಬರ್ ತಲೆಯಲ್ಲಿರಲಿ: ಪೊಲೀಸಿಗೆ 110, ಬೆಂಕಿ ಮತ್ತು ಆಂಬುಲೆನ್ಸಿಗೆ 119. ಡೇಟಾ ಮಾತ್ರ ಇರುವ ಸಿಮ್ಮಿನಿಂದ ಇವಕ್ಕೆ ಕರೆ ಹೋಗುತ್ತದೆ ಅಂತ ನಂಬಿಕೊಳ್ಳಬೇಡಿ, ಪಕ್ಕದವರನ್ನು ಕೇಳಿ.

ಚಾರ್ಜರ್ ಬಗ್ಗೆ ಎರಡೇ ಮಾತು. ಅಲ್ಲಿ 100 ವೋಲ್ಟ್, ಎರಡು ಚಪ್ಪಟೆ ಕಡ್ಡಿಯ ಪ್ಲಗ್. ನಿಮ್ಮ ಚಾರ್ಜರಿನ ಮೇಲೆ 100-240 ಅಂತ ಬರೆದಿದ್ದರೆ ಬರೀ ಅಡಾಪ್ಟರ್ ಸಾಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. 2025ರ ಜುಲೈನಿಂದ ಜಪಾನಿನ ವಿಮಾನಗಳಲ್ಲಿ ಅದನ್ನು ತಲೆ ಮೇಲಿನ ಗೂಡಿನಲ್ಲಿ ಇಡಬೇಡಿ, ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಳ್ಳಿ ಅನ್ನುತ್ತಾರೆ.

ಬೇರೆ ದೇಶಕ್ಕಾದರೆ

ಊರಿನ ಸಿಮ್ಮಿನ ಬಗ್ಗೆ ಹೇಳಿದ್ದೆಲ್ಲ ಎಲ್ಲಿಗಾದರೂ ಆಗುತ್ತದೆ. ಉಳಿದದ್ದು ಬದಲಾಗುತ್ತದೆ. ದುಬೈನಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಮಂಗಳೂರು, ಭಟ್ಕಳದ ಕಡೆ ಯಾರನ್ನು ಕೇಳಿದರೂ ಅದಕ್ಕೆ ಬಳಸುವ ಆ್ಯಪ್ ಯಾವುದು ಅಂತ ಹೇಳುತ್ತಾರೆ. ಚೀನಾದಲ್ಲಿ ಅಲ್ಲಿಯ ಸಿಮ್ ಹಾಕಿದರೆ ವಾಟ್ಸಾಪ್, ಗೂಗಲ್ ಎರಡೂ ಇಲ್ಲ. ಹೊರದೇಶದ ಸಿಮ್ಮಿನಲ್ಲಿ ರೋಮಿಂಗ್ ಮಾಡಿದರೆ ಡೇಟಾ ಆ ದೇಶದ ಮೂಲಕ ಬರುವುದರಿಂದ ಎರಡೂ ನಡೆಯುತ್ತವೆ. ಅಮೆರಿಕಾದಲ್ಲಿ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ಮುಚ್ಚಿದವು. ಅಲ್ಲಿಂದ ಮಗ ಐಫೋನ್ ತರುತ್ತಾನೆ ಅಂತ ಕಾಯುತ್ತಿರುವ ಅಪ್ಪಂದಿರಿಗೆ ಒಂದು ಮಾತು: ಐಫೋನ್ 14ರಿಂದ ಮುಂದೆ ಅಮೆರಿಕಾದಲ್ಲಿ ಮಾರುವ ಫೋನುಗಳಲ್ಲಿ ಸಿಮ್ ಹಾಕುವ ಕಿಂಡಿಯೇ ಇಲ್ಲ. ಊರಿನ ಸಿಮ್ಮನ್ನು ಇ-ಸಿಮ್ ಮಾಡಿಸಲೇಬೇಕು.

ವಾಪಸ್ ಬರುವಾಗ

ಬೆಂಗಳೂರಿನಲ್ಲಿ ಇಳಿದ ಮೇಲೆ ಇಂಡಿಯಾ ಸಿಮ್ಮಿನ ಡೇಟಾ ಆನ್ ಮಾಡಿ, ರೋಮಿಂಗ್ ತೆಗೆಸಿ. ಜಪಾನ್ ಇ-ಸಿಮ್ ಅಳಿಸಬಹುದು. ಫೋನಿನ ಸುಯಿಕಾ ಇಟ್ಟುಕೊಳ್ಳಿ, ಮತ್ತೆ ಹೋದಾಗ ಬೇಕಾಗುತ್ತದೆ.

ಟೋಕಿಯೋದ ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಬಾರದಲ್ಲಿ ಸೆಕೆಂಡ್ ಹ್ಯಾಂಡ್ ಫೋನ್ ಅಗ್ಗ, ಒಂದು ತರೋಣ ಅನಿಸುತ್ತದೆ. 2021ರ ಅಕ್ಟೋಬರ್ ಆದ ಮೇಲೆ ಬಂದ ಹೊಸ ಮಾಡೆಲ್‌ಗಳಿಗೆ ಸಿಮ್ ಲಾಕ್ (ಬೇರೆ ಕಂಪನಿಯ ಸಿಮ್ ನಡೆಯದ ಹಾಗೆ ಬೀಗ) ಹಾಕುವುದನ್ನು ಅಲ್ಲಿ ಹೆಚ್ಚುಕಡಿಮೆ ನಿಲ್ಲಿಸಿದ್ದಾರೆ. ಅದಕ್ಕಿಂತ ಹಳೇದಾದರೆ ಅಂಗಡಿಯಲ್ಲೇ ನಿಮ್ಮ ಸಿಮ್ ಹಾಕಿ ನೋಡಿ. ಇನ್ನೊಂದು, ಜಪಾನಿನಲ್ಲಿ ಮಾರುವ ಫೋನುಗಳ ಕ್ಯಾಮೆರಾ ಸದ್ದು ಮಾಡಿಯೇ ಫೋಟೋ ತೆಗೆಯುತ್ತದೆ, ಕದ್ದು ಫೋಟೋ ತೆಗೆಯಬಾರದು ಅಂತ. ಇದು ಕಾನೂನಲ್ಲ, ಕಂಪನಿಗಳೇ ಮಾಡಿಕೊಂಡ ಕಟ್ಟುಪಾಡು. ಕೊರಿಯಾದಲ್ಲೂ ಹೀಗೇ ಇದೆ. ನಾನು ತಂದ ಆಂಡ್ರಾಯ್ಡ್‌ನಲ್ಲಿ ಆ ಸದ್ದು ಬೆಂಗಳೂರಿಗೆ ಬಂದ ಮೇಲೂ ಹೋಗಿಲ್ಲ. ಸೈಲೆಂಟ್ ಹಾಕಿದರೂ 'ಕಚಕ್' ಅನ್ನುತ್ತದೆ. ಮಗಳು ಮಲಗಿರುವಾಗ ಫೋಟೋ ತೆಗೆಯಬೇಕಾದರೆ ಈಗಲೂ ಹೆಂಡತಿಯ ಫೋನೇ ಗತಿ.